ಒಂದೇ ಗಾಳಿಯ ಮನೆಗಳು

ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಜಗದೇವಿಗೆ ಆ ಮನೆ ಹಿಡಿಸಿಬಿಟ್ಟಿತು. ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯುವಷ್ಟು ಜಾಗವಿತ್ತು. ಮಲಗುವ ಕೋಣೆಯಲ್ಲಿ ನೆಲದ ಹತ್ತಿರವೇ ತಂಪುಗಾಳಿಯ ಕಿಂಡಿ ಇತ್ತು. ಮನೆಯ ಯಜಮಾನ ಮೊದಲು ನೀವು ಯಾವ ಪೈಕಿ ಎಂದು ಕೇಳಿದ, ಆಮೇಲೆ ಊಟ ಏನು ಎಂದು ಕೇಳಿದ, ಆಮೇಲೆ ಗಂಡ ಹೆಂಡತಿ ಇಬ್ಬರ ನೌಕರಿಯನ್ನೂ ವಿಚಾರಿಸಿದ. ಎಲ್ಲ ಉತ್ತರಕ್ಕೂ ಸಮಾಧಾನದಿಂದ ತಲೆಯಾಡಿಸಿ ಕೀಲಿಕೈ ಚಾಚಿದ. ಮುಚ್ಚಿಡುವುದು ಜಗದೇವಿಗೆ ಬರುತ್ತಿರಲಿಲ್ಲ.

"ನಮ್ಮ ಮನ್ಯಾಗ ಒಂದು ನಾಯಿ ಅದರಿ," ಎಂದಳು.

ಕೀಲಿಕೈ ವಾಪಸು ಜೇಬಿಗೆ ಹೋಯಿತು.

"ಮೊದಲೇ ಹೇಳಬಾರದೇನ್ರಿ ತಾಯಿ? ಸುಮ್ನ ಲಿಫ್ಟ್ ಹತ್ತಿಸಿದ್ರಿ ನನ್ನ."

ಇಂಥದ್ದು ಅವಳಿಗೆ ಹೊಸದಲ್ಲ. ಹಿಂದಿನ ವಾರ ಒಬ್ಬಾಕೆ, "ಮೀನಾದ್ರ ನಡೀತದ್ರಿ, ಮೀನು ಸಾಕಿಬಿಡ್ರಿ," ಎಂದು ಸಲಹೆ ಕೊಟ್ಟಿದ್ದಳು. ಇನ್ನೊಬ್ಬ ನಾಯಿಯನ್ನು ಕರೆತಂದು ತೋರಿಸಲು ಹೇಳಿ, ಅದರ ಹಲ್ಲು ನೋಡಿ, ಬೆನ್ನು ಸವರಿ, ಅರ್ಧ ತಾಸು ಆಡಿಸಿ, ಕೊನೆಗೆ "ನಂಗೇನೂ ತಕರಾರಿಲ್ಲ, ಸಂಘದವರು ಬಿಡಂಗಿಲ್ಲ," ಎಂದು ಕೈ ತೊಳೆದುಕೊಂಡಿದ್ದ. ಮತ್ತೊಂದು ಕಡೆ ದಲ್ಲಾಳಿಯೇ, "ನಾಯಿ ಸತ್ತ ಮ್ಯಾಲೆ ಫೋನ್ ಮಾಡ್ರಿ ಅಕ್ಕೋರೆ," ಎಂದ. ಅವನು ಅದನ್ನು ಕೆಟ್ಟ ಮನಸ್ಸಿನಿಂದೇನೂ ಹೇಳಿರಲಿಲ್ಲ. ಅದಕ್ಕೇ ಅವಳಿಗೆ ಅದು ಹೆಚ್ಚು ಚುಚ್ಚಿತ್ತು.

ಆ ಕಾಲಕ್ಕೆ ಕಲಬುರಗಿಯಲ್ಲಿ ಹೋಳಿ ದಾಟಿತೆಂದರೆ ಬರೀ ಫ್ಯಾನಿನ ಕೆಳಗೆ ಬದುಕುವುದು ಸಾಧ್ಯವಿರಲಿಲ್ಲ. ಬಿಸಿಲು ಮನೆಯೊಳಗಿನ ಹಾಸುಗಲ್ಲನ್ನೂ ಕಾಯಿಸಿಬಿಡುತ್ತಿತ್ತು. ಹಾಗಾಗಿ ಊರಿನ ಬಹುಪಾಲು ಜನ ಬಹುಮಹಡಿ ಗೋಪುರಗಳಿಗೆ ಏರಿದ್ದರು. ಪ್ರತಿ ಗೋಪುರವೂ ಬಿಗಿಯಾಗಿ ಮುಚ್ಚಿದ ಡಬ್ಬಿ. ಹೊರಗಿನ ಕಾದ ಗಾಳಿಯನ್ನು ಮತ್ತೆ ಮತ್ತೆ ಒಳಗೆಳೆದು ತಣಿಸುವಷ್ಟು ವಿದ್ಯುತ್ತು ಯಾರ ಬಳಿಯೂ ಇರಲಿಲ್ಲವಾದ್ದರಿಂದ, ಒಮ್ಮೆ ತಣಿಸಿದ ಗಾಳಿಯನ್ನೇ ಶುದ್ಧ ಮಾಡಿ ಮನೆಯಿಂದ ಮನೆಗೆ, ಮಹಡಿಯಿಂದ ಮಹಡಿಗೆ ತಿರುಗಿಸುತ್ತಿದ್ದರು. ಒಬ್ಬರು ಬಿಟ್ಟ ಉಸಿರು ಸೋಸಿಕೊಂಡು ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಧೂಳು, ಹೊಗೆ, ನಂಜು ಎಲ್ಲವನ್ನೂ ಹಿಡಿಯುವುದು ಜೇಡಪೊರೆ ಎಂಬ ತೆಳುವಾದ ಹಾಳೆ. ಅದು ಹಾಳಾದರೆ ಇಡೀ ಗೋಪುರಕ್ಕೆ ಕೆಮ್ಮು. ಪ್ರಾಣಿಗಳ ಕೂದಲಿನಿಂದ ಪೊರೆ ಕಟ್ಟಿಕೊಳ್ಳುತ್ತದೆ ಎಂದು ಗೋಪುರಗಳ ಎಲ್ಲ ನಿವಾಸಿ ಸಂಘಗಳೂ ನಂಬಿದ್ದವು. ಆದ್ದರಿಂದ ಎಲ್ಲಿಯೂ ನಾಯಿ ಇಲ್ಲ, ಬೆಕ್ಕಿಲ್ಲ, ಗಿಳಿಯೂ ಇಲ್ಲ.

ಜಗದೇವಿ ಮತ್ತು ಅವಳ ಗಂಡ ಶಿವಶರಣ ಇದ್ದದ್ದು ಊರಿನ ಅತಿ ಹಳೆಯ ಗೋಪುರದಲ್ಲಿ. ಅಲ್ಲಿ ಸಂಘವೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಆದರೆ ಅದರ ಯಂತ್ರ ಮುದಿಯಾಗಿತ್ತು. ಯುಗಾದಿಗೆ ನಿಲ್ಲಿಸುತ್ತೇವೆ, ಅಷ್ಟರೊಳಗೆ ಖಾಲಿ ಮಾಡಿ ಎಂದು ತಂಪುಗಾಳಿ ನಿಗಮ ಹೇಳಿಯಾಗಿತ್ತು.

ಅಂದು ಸಂಜೆ ಅವಳು ಬರಿಗೈಲಿ ಮನೆಗೆ ಬಂದಾಗ ಬುಂದಿ ಬಾಗಿಲಿಗೇ ಬಂದು ಬಾಲ ಬಡಿಯಿತು. ಹಳದಿ ಮೈ, ಅದರ ತುಂಬ ಕಂದು ಚುಕ್ಕೆ. ಯಾವ ತಳಿಯೂ ಅಲ್ಲದ ಬೀದಿನಾಯಿ. ವರ್ಷಗಳ ಹಿಂದೆ ಶಾಲೆಯ ಕಂಪೌಂಡಿನಲ್ಲಿ ಸಿಕ್ಕ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಂದವನು ಶಿವಶರಣ. ಆಗ ಬೇಡ ಎಂದು ಜಗಳ ತೆಗೆದವಳು ಜಗದೇವಿ. ಈಗ ಬಿಟ್ಟುಬಿಡೋಣ ಎನ್ನುತ್ತಿದ್ದವನು ಶಿವಶರಣ.

"ಪ್ರಾಣಿ ನಿಲಯದಾಗ ಬಿಡೋಣು, ಜಗು," ಎಂದ ಅವನು ತಟ್ಟೆಯಿಂದ ಮುಖ ಎತ್ತದೆ. "ಊಟ ಹಾಕ್ತಾರ. ಡಾಕ್ಟರ್ ಇರ್ತಾರ."

"ತಂಪುಗಾಳಿ ಇರ್ತದೇನು ಅಲ್ಲಿ?"

ಅವನು ರೊಟ್ಟಿ ಮುರಿಯುತ್ತ ಕೂತ.

"ಮುದಿ ನಾಯಿ ಅದು. ತಗಡಿನ ಶೆಡ್ಡಿನಾಗ ಚೈತ್ರ ದಾಟೂದಿಲ್ಲ. ನಿಮಗೂ ಗೊತ್ತದ."

"ಮತ್ತ ನಾವು? ನಾವು ಚೈತ್ರ ದಾಟಬೇಕೋ ಬ್ಯಾಡೋ? ನಾಕು ತಿಂಗಳಿಂದ ಊರೆಲ್ಲ ತಿರುಗಿ ಒಂದು ಮನಿ ಸಿಕ್ಕದೇನು? ಒಂದ ಮನಿ!" ಅವನು ತಟ್ಟೆ ಸರಿಸಿ ಎದ್ದು ಹೋದ. ಬುಂದಿ ಅವನ ಹಿಂದೆಯೇ ಹೋಯಿತು.

*

ಜಗದೇವಿ ಕೆಲಸ ಮಾಡುತ್ತಿದ್ದದ್ದು ತಂಪುಗಾಳಿ ನಿಗಮದ ನಿಯಂತ್ರಣ ಕೊಠಡಿಯಲ್ಲಿ. ಊರಿನ ಎಲ್ಲ ಗೋಪುರಗಳ ಪೊರೆಗಳ ಆರೋಗ್ಯ ಅಲ್ಲಿನ ಪರದೆಗಳ ಮೇಲೆ ಕಾಣುತ್ತಿತ್ತು. ಪೊರೆಯ ಎಳೆಗಳಿಗೆ ತಯಾರಿಸುವಾಗಲೇ ವಿದ್ಯುದಾವೇಶ ತುಂಬಿರುತ್ತಾರೆ. ಒಣಗಿದ ತಲೆ ಬಾಚಿದ ಹಣಿಗೆ ಕಾಗದದ ಚೂರುಗಳನ್ನು ಎಳೆದುಕೊಳ್ಳುತ್ತದಲ್ಲ, ಹಾಗೆ ಆ ಎಳೆಗಳು ಕಣ್ಣಿಗೆ ಕಾಣದ ಧೂಳನ್ನೂ ಎಳೆದು ಹಿಡಿಯುತ್ತವೆ. ಆವೇಶ ಇಳಿದರೆ ಪೊರೆ ಬರೀ ಬಟ್ಟೆ.

ಮನೆ ಹುಡುಕಿ ಸೋತ ಆ ದಿನಗಳಲ್ಲಿ ಅವಳು ಸುಮ್ಮನೆ ಪರದೆ ನೋಡುತ್ತ ಕೂರುತ್ತಿದ್ದಳು. ಹಾಗೆ ನೋಡುವಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಯಾವ ಗೋಪುರದಲ್ಲೂ ಆವೇಶ ಒಂದೇ ಸಮನೆ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ನಾಷ್ಟದ ಹೊತ್ತಿಗೆ ಒಂದು ಕುಸಿತ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇನ್ನೊಂದು. ಹಬ್ಬದ ದಿನವಂತೂ ಬಾವಿಗೆ ಕೊಡ ಬಿಟ್ಟ ಹಾಗೆ ಇಳಿದಿತ್ತು. ಪ್ರಾಣಿಗಳಿಲ್ಲದ ಗೋಪುರಗಳವು. ನಾಯಿ ಇದ್ದ ಒಂದೇ ಗೋಪುರ ಅವಳದು. ಪರದೆಯ ಮೇಲೆ ಅಲ್ಲಿಯ ಆವೇಶದ ಗೆರೆಯೂ ಬೇರೆ ಗೋಪುರಗಳದರಂತೆಯೇ ಇತ್ತು.

ಅವಳು ಮೇಲಧಿಕಾರಿ ಹಕೀಮ್ ಸಾಹೇಬರನ್ನು ಕರೆದು ತೋರಿಸಿದಳು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಯಾವುದಕ್ಕೂ ಅವಸರಪಡದವರು. ಗೆರೆಗಳನ್ನು ತುಂಬ ಹೊತ್ತು ನೋಡಿದರು.

"ಇದು ನಾಷ್ಟದ ಟೈಮ್ ಅಲ್ಲೇನು ಬೇಟಾ?"

"ಹೌದ್ರಿ ಸರ್. ಒಗ್ಗರಣಿ ಟೈಮ್."

"ಪರೀಕ್ಷೆ ಮಾಡಿ ನೋಡೋಣು," ಎಂದರು.

ಕೆಳಗಿನ ಪ್ರಯೋಗಾಲಯದಲ್ಲಿ ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಹೊಸ ಪೊರೆಯ ತುಂಡುಗಳನ್ನು ಕಟ್ಟಿದರು. ಒಂದಕ್ಕೆ ಬುಂದಿಯ ಬೆನ್ನಿನಿಂದ ಬಾಚಿ ತಂದ ಕೂದಲು, ಹೊಟ್ಟು ಎಲ್ಲವನ್ನೂ ಪಂಖದಿಂದ ಊದಿದರು. ಕೂದಲು ಪೊರೆಯ ಮುಂದಿನ ಒರಟು ಜಾಲರಿಯಲ್ಲೇ ಸಿಕ್ಕಿಕೊಂಡಿತು. ಆವೇಶ ಅಳೆಯುವ ಮೀಟರಿನ ಮುಳ್ಳು ಕದಲಲಿಲ್ಲ. ಇನ್ನೊಂದು ಪೆಟ್ಟಿಗೆಯ ಕೆಳಗೆ ಜಗದೇವಿ ಬಾಣಲೆ ಇಟ್ಟು, ಕುಸುಬಿ ಎಣ್ಣೆ ಕಾಯಿಸಿ, ಸಾಸಿವೆ, ಬೆಳ್ಳುಳ್ಳಿ, ಕರಿಬೇವು ಹಾಕಿದಳು. ಚಟಪಟ ಎಂದು ಸಿಡಿದು ಘಮಘಮ ಹೊಗೆ ಮೇಲೆದ್ದಿತು. ಆವೇಶದ ಮುಳ್ಳು ಒಮ್ಮೆ ನಡುಗಿ ಜಾರತೊಡಗಿತು. ಎಣ್ಣೆಯ ಸಣ್ಣ ಹನಿಗಳು ಎಳೆಗಳ ಮೇಲೆ ಹೊದಿಕೆಯಂತೆ ಹರಡಿ ಆವೇಶವನ್ನು ಕೊಲ್ಲುತ್ತಿದ್ದವು. ಅಗರಬತ್ತಿಯ ಹೊಗೆ ಇನ್ನೂ ಕೆಟ್ಟದಾಗಿತ್ತು. ಲೋಬಾನದ ಧೂಪ ಹಾಕಿದಾಗ ಮುಳ್ಳು ತಳಕ್ಕೇ ಬಿತ್ತು. ಮೇಲಿನ ಮಹಡಿಯಿಂದ ಇಬ್ಬರು ಇಳಿದು ಬಂದು, ಏನ್ರಿ ಸರ್, ಇವತ್ತು ಇಲ್ಲೇ ಊಟ ಏನು ಎಂದು ಕೇಳಿದರು.

ಹಕೀಮ್ ಸಾಹೇಬರು ಕಣ್ಣೊರೆಸಿಕೊಂಡು, "ಇಷ್ಟು ವರ್ಷ ನಾಯಿಗಳ ಮ್ಯಾಲೆ ಸುಮ್ನ ಅಪವಾದ ಹೊರಿಸಿದ್ವಿ ನೋಡು," ಎಂದರು. ಆಮೇಲೆ ಸ್ವಲ್ಪ ತಡೆದು ಹೇಳಿದರು: "ಆದ್ರ ಇದನ್ನ ಜನಕ್ಕ ಹೇಳಬೇಕಾದ್ರ ಜರಾ ವಿಚಾರ ಮಾಡು, ಬೇಟಾ."

ಜಗದೇವಿ ವಿಚಾರ ಮಾಡಲಿಲ್ಲ. ಅವಳ ಎದೆಯಲ್ಲಿ ಎಷ್ಟೋ ದಿನಗಳ ನಂತರ ಸಂತೋಷ ಉಕ್ಕಿತ್ತು.

*

ಚಂದ್ರಕಾಂತಿ ಗೋಪುರದಲ್ಲಿ ಕಮಲಾಬಾಯಿ ಎಂಬ ವಿಧವೆಗೆ ಎರಡು ಮನೆಗಳಿದ್ದವು. ಒಂದರಲ್ಲಿ ತಾನಿದ್ದು ಇನ್ನೊಂದನ್ನು ಬಾಡಿಗೆಗೆ ಕೊಡುತ್ತಿದ್ದಳು. ದಪ್ಪ ಧ್ವನಿಯ, ನೇರ ಮಾತಿನ ಹೆಂಗಸು. "ನಾಯಿ ಇರ್ಲಿ ಬಿಡವ್ವ, ಅದೇನು ನನ್ನ ರೊಟ್ಟಿ ಕಸಗೊಂಡು ತಿಂತದೇನು?" ಎಂದಳು. "ಸಂಘದವರನ್ನ ನೀನ ಒಪ್ಪಿಸು."

ಸಂಘದ ಕಾರ್ಯದರ್ಶಿ ಚನ್ನವೀರ ಸಭೆ ಕರೆದ. ನೆಲಮಹಡಿಯ ಸಭಾಗೃಹ ತುಂಬಿತ್ತು. ಜಗದೇವಿ ಗೋಡೆಯ ಮೇಲೆ ಗೆರೆಗಳನ್ನು ತೋರಿಸಿದಳು, ಪ್ರಯೋಗದ ಚಿತ್ರ ತೋರಿಸಿದಳು. ಪೊರೆಯ ಶತ್ರು ನಾಯಿಯ ಕೂದಲಲ್ಲ, ಎಣ್ಣೆಹೊಗೆ ಮತ್ತು ಧೂಪದ ಹೊಗೆ ಎಂದು ಸರಳವಾಗಿ ವಿವರಿಸಿದಳು. ಹೇಳುತ್ತ ಹೇಳುತ್ತ ಅವಳಿಗೇ ಧೈರ್ಯ ಬಂತು. ಮಾತು ಮುಗಿದಾಗ ಸಭೆ ಮೌನವಾಗಿತ್ತು. ಗೆದ್ದೆ ಎಂದುಕೊಂಡಳು.

ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದಳು. "ಅಂದ್ರ ನಾವು ಒಗ್ಗರಣಿ ಬಂದ್ ಮಾಡಬೇಕೇನ್ರಿ?"

"ಹಂಗಲ್ರಿ, ನಾ ಹೇಳಿದ್ದು ಅದಲ್ಲ..."

"ದೇವರಿಗೆ ಊದಿನಕಡ್ಡಿ ಹಚ್ಚಬಾರದಂತ. ನಾಯಿ ಸಾಕಬೇಕಂತ," ಎಂದರು ಇನ್ನೊಬ್ಬರು. ಗದ್ದಲ ಎದ್ದಿತು. ಚನ್ನವೀರ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ನಿಯಮ ಎಂದರೆ ಪ್ರಾಣ ಬಿಡುವ ಮನುಷ್ಯ ಅವನು. ಮುಖದಲ್ಲಿ ಸಿಟ್ಟಿರಲಿಲ್ಲ, ಬದಲಿಗೆ ಹೊಸ ಕೆಲಸ ಸಿಕ್ಕ ಹುರುಪಿತ್ತು.

"ಅಕ್ಕೋರು ಖರೇನೇ ಹೇಳ್ಯಾರ. ವಿಜ್ಞಾನ ಅಂದ ಮ್ಯಾಲೆ ವಿಜ್ಞಾನ. ಇವತ್ತಿನಿಂದ ನಮ್ಮ ಗೋಪುರದಾಗ ಕರಿಯೂದು, ಒಗ್ಗರಣಿ ಹಾಕೂದು, ಊದಿನಕಡ್ಡಿ, ಲೋಬಾನ ಎಲ್ಲಾ ಬಂದ್."

"ಮತ್ತ ನಾಯಿ ನಿಯಮ?" ಜಗದೇವಿ ಕೇಳಿದಳು.

"ಅದು ಇದ್ದಂಗ ಇರ್ಲಿರಿ. ಇರೂ ನಿಯಮ ಯಾಕ ತೆಗೀಬೇಕು?"

ಸಭೆ ಮುಗಿದು ಹೊರಬರುವಾಗ ಒಬ್ಬ ಮುದುಕಿ ಜಗದೇವಿಯ ತೋಳು ಹಿಡಿದು ನಿಲ್ಲಿಸಿ, "ನಿನ್ನ ನಾಯಿಗೆ ಛೊಲೋ ಆಗಂಗಿಲ್ಲ," ಎಂದು ಶಾಪ ಹಾಕಿ ಹೋದಳು.

ಸುದ್ದಿ ಗೋಪುರದಿಂದ ಗೋಪುರಕ್ಕೆ ಹಾರಿತು. ಒಂದು ಸಂಘ ಮಾಡಿದ ನಿಯಮವನ್ನು ಇನ್ನೊಂದು ಸಂಘ ಮಾಡದಿದ್ದರೆ ಮರ್ಯಾದೆಯಲ್ಲ ಎಂಬಂತೆ ಊರೆಲ್ಲ ಒಗ್ಗರಣೆ ನಿಂತಿತು. ಬೇಯಿಸಿದ ಬೇಳೆ, ಸಪ್ಪೆ ಪಲ್ಯ. ನಿಗಮವೂ ಹಿಂದೆ ಬೀಳಲಿಲ್ಲ. ಪ್ರತಿ ಅಡುಗೆಮನೆಯ ಗಾಳಿಕೊಳವೆಗೆ ಹೊಗೆ ಗುರುತಿಸುವ, ಅಂಗಿಯ ಗುಂಡಿಯಷ್ಟೇ ಚಿಕ್ಕ ಸಂವೇದಕ ಕೂರಿಸಿತು. ಯಾರ ಮನೆಯಲ್ಲಿ ಎಣ್ಣೆ ಕಾದರೂ ನಿಯಂತ್ರಣ ಕೊಠಡಿಯಲ್ಲಿ ಕೆಂಪು ದೀಪ. ಆ ವಿಭಾಗಕ್ಕೆ ಯಾರನ್ನು ಹಾಕುವುದು? ಕಂಡುಹಿಡಿದವಳನ್ನೇ ಹಾಕಿದರು.

ದೀಪ ಹತ್ತಿದ ಮನೆಗೆ ಫೋನ್ ಮಾಡಿ ಒಲೆ ಆರಿಸಿ ಎನ್ನುವುದು ಈಗ ಅವಳ ಕೆಲಸ. "ಮಗಳು ಬಾಣಂತನಕ್ಕ ಬಂದಾಳ, ಬೆಳ್ಳುಳ್ಳಿ ಒಗ್ಗರಣಿ ಬ್ಯಾಡೇನ್ರಿ?" ಎಂದು ಒಬ್ಬಾಕೆ ಅತ್ತಳು. ಇನ್ನೊಬ್ಬ ಗಂಡಸು, "ನಮ್ಮಪ್ಪನ ತಿಥಿರಿ ಇವತ್ತು, ವಡಿ ಇಲ್ದ ಹ್ಯಾಂಗ ಮಾಡೂದು?" ಎಂದು ಕೇಳಿದ. ಕಮಲಾಬಾಯಿಯ ಮನೆಯ ದೀಪ ದಿನಾ ಹತ್ತುತ್ತಿತ್ತು. ಅವಳು ಫೋನ್ ಎತ್ತಿ, "ನೀನ ಏನು? ಹಾಕಲತ್ತೀನಿ ನೋಡು ಒಗ್ಗರಣಿ, ಬಂದು ಆರಿಸು!" ಎಂದು ಕುಕ್ಕುತ್ತಿದ್ದಳು. ಬರಬರುತ್ತ ಜಗದೇವಿ ಆ ದೀಪಕ್ಕೆ ಕಣ್ಣು ಮುಚ್ಚಿಕೊಳ್ಳತೊಡಗಿದಳು. ಕೊನೆಗೆ ಸಂಘದವರೇ ಆ ಮನೆಯ ಗಾಳಿ ಕಿಂಡಿ ಮುಚ್ಚಿಸಿದರು.

ಮನೆ ಮಾತ್ರ ಸಿಗಲಿಲ್ಲ. ಈಗ ಅವಳ ಹೆಸರು ಕೇಳಿದರೇ ಬಾಗಿಲು ಹಾಕುತ್ತಿದ್ದರು.

*

ಯುಗಾದಿಗೆ ಕೆಲವೇ ದಿನವಿದ್ದಾಗ ಒಂದು ಮಧ್ಯಾಹ್ನ ಅವಳು ಕೆಲಸದಿಂದ ಬೇಗ ಬಂದಳು. ಬಾಗಿಲಿಗೆ ಬುಂದಿ ಬರಲಿಲ್ಲ. ನಾಯಿಗೆ ಕಟ್ಟುವ ಹಗ್ಗ ಗೂಟದಲ್ಲಿರಲಿಲ್ಲ. ಶಿವಶರಣನ ಚಪ್ಪಲಿಯೂ ಇರಲಿಲ್ಲ. ಅವಳಿಗೆ ಎಲ್ಲ ಹೊಳೆದುಹೋಯಿತು. ಕೂಗಾಡಬೇಕೆನಿಸಿತು, ಕೂಗಾಡಲು ಯಾರೂ ಇರಲಿಲ್ಲ. ನಾಯಿಯ ನೀರಿನ ಬೋಗುಣಿಯನ್ನು ತೊಳೆದಳು. ಮತ್ತೆ ತೊಳೆದಳು. ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ಹೊತ್ತಿಳಿಯುವಾಗ ಬಾಗಿಲು ತೆರೆಯಿತು. ಶಿವಶರಣ ಬೆವರಿನಲ್ಲಿ ಮಿಂದಿದ್ದ. ತಲೆಯ ಮೇಲೆ ಒದ್ದೆ ಟವೆಲ್. ಹೆಗಲ ಮೇಲೆ, ಕುರಿಮರಿಯ ಹಾಗೆ, ಬುಂದಿ.

"ಪ್ರಾಣಿ ನಿಲಯಕ್ಕ ಹೋಗಿದ್ದೆ," ಎಂದ. ಬುಂದಿಯನ್ನು ಕೆಳಗಿಳಿಸಿ ಅವಳ ಪಕ್ಕದಲ್ಲಿ ಕುಸಿದು ಕೂತ. "ಒಳಗ ಹೋಗಿ ನೋಡಿದೆ. ನಾಯಿಗಳು ಬೊಗಳಲತ್ತಿಲ್ಲ ಜಗು. ಅಷ್ಟು ನಾಯಿ ಅವ, ಒಂದೂ ಬೊಗಳಲತ್ತಿಲ್ಲ. ತಗಡಿನ ಕೆಳಗ ಸುಮ್ನ ಬಿದ್ದಾವ. ಅವ್ರು ಹಗ್ಗ ಕೇಳಿದ್ರು. ಕೊಡಬೇಕಂತ ಕೈ ಮುಂದ ಮಾಡಿದೆ, ಆಗಲಿಲ್ಲ. ಬರೂವಾಗ ಇದಕ್ಕ ಡಾಂಬರಿನ ಮ್ಯಾಲೆ ಕಾಲು ಇಡಲಿಕ್ಕೆ ಆಗವಲ್ದು. ಹೊತ್ಕೊಂಡು ಬಂದೆ."

ಅವಳು ಎದ್ದಳು. ಬೋಗುಣಿಗೆ ನೀರು ತುಂಬಿ ಇಟ್ಟಳು. ಬುಂದಿ ಕುಡಿಯಿತು, ಶಿವಶರಣನೂ ಚೊಂಬಿನಿಂದ ಗಟಗಟ ಕುಡಿದ.

ಮರುದಿನ ಹಕೀಮ್ ಸಾಹೇಬರ ಎದುರು ಅವಳು ತನ್ನ ಸಿಟ್ಟನ್ನೆಲ್ಲ ಕಾರಿಕೊಂಡಳು. ಖರೆ ಹೇಳಿದ್ದಕ್ಕೆ ಇದೇನು ಫಲ, ತನಗೆ ಮನೆ ಸಿಗಲಿಲ್ಲ, ಬೇರೆಯವರ ಊಟವೂ ಹೋಯಿತು ಎಂದಳು. ಅವರು ಎಲ್ಲ ಕೇಳಿಸಿಕೊಂಡರು. ನಾನು ಹೇಳಿದ್ದೆ ಎಂದು ಅನ್ನಲಿಲ್ಲ.

"ನಮ್ಮ ಭಾವನ ಬ್ಯಾಳಿ ಮಿಲ್ಲು ಬಂದ್ ಆಗಿ ವರ್ಷಾತು. ಗೋಡಾನ್ ಖಾಲಿ ಬಿದ್ದದ. ಶಹಾಬಾದಿ ಕಲ್ಲಿನ ಗ್ವಾಡಿ, ಒಂದು ಮೊಳ ದಪ್ಪ. ತಂಪುಗಾಳಿ ಅಂತೂ ಇಲ್ಲ. ಆದ್ರ ಗಾಳಿ ವಿಷಯ ನಿನಗ ಕಲಿಸಬೇಕೇನು ನಾನು?"

*

ಗೋಡೌನು ಊರ ಹೊರಗಿತ್ತು. ಒಳಗೆ ಹಳೆಯ ತೊಗರಿ ಹೊಟ್ಟಿನ ವಾಸನೆ. ಜಗದೇವಿ ಗೋಡೆಗಳನ್ನು ಮುಟ್ಟಿ ನೋಡಿದಳು. ಬಿಸಿಲಿಗೆ ಕಾದು ಉರಿಯುವ ಊರಿನಲ್ಲೂ ಬೆಳಗಿನ ಜಾವ ಒಂದಿಷ್ಟು ತಂಪು ಇಳಿಯುತ್ತದೆ. ಆ ತಂಪನ್ನು ಕಲ್ಲಿಗೆ ಕುಡಿಸಿ, ಬಿಸಿಲೇರುವ ಮೊದಲೇ ಎಲ್ಲ ಕಂಡಿಗಳನ್ನು ಮುಚ್ಚಿಬಿಟ್ಟರೆ, ಗೋಡೆಗಳು ಹಗಲೆಲ್ಲ ಅದನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ನಿಗಮ ಮೂಲೆಗೆಸೆದಿದ್ದ ಎರಡು ಹಳೆಯ ಪಂಖಗಳನ್ನು ಹಕೀಮ್ ಸಾಹೇಬರು ಗುಜರಿ ಲೆಕ್ಕದಲ್ಲಿ ಬರೆಸಿ ಕೊಡಿಸಿದರು. ಶಿವಶರಣ ಲಾವಂಚದ ತಟ್ಟಿ ಕಟ್ಟಿ ನೀರು ಹನಿಸುವ ವ್ಯವಸ್ಥೆ ಮಾಡಿದ. ಒಳಬರುವ ಗಾಳಿಗೆ ಒಂದು ಒರಟು ಜಾಲರಿ, ಅಷ್ಟೇ. ವಾರಕ್ಕೊಮ್ಮೆ ಬಿಚ್ಚಿ ತೊಳೆದರೆ ಆಯಿತು.

ಸುಖವೇನಿರಲಿಲ್ಲ. ಮಧ್ಯಾಹ್ನದ ಹೊತ್ತು ಮೈಗೆ ಅಂಟುವ ಸೆಕೆ. ಶಿವಶರಣ ಉಡುಗಿಹೋದವನಂತೆ ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಿದ್ದ, ಬುಂದಿ ಹೊಟ್ಟೆಯನ್ನು ಹಾಸುಗಲ್ಲಿಗೆ ಒತ್ತಿ ನಾಲಿಗೆ ಚಾಚಿ ಮಲಗಿರುತ್ತಿತ್ತು. ಕೆಲಸ ಮುಗಿಸಿ ಗೋಪುರಗಳ ತಂಪಿನ ನಡುವೆಯೇ ಹಾದು ಬರುವಾಗ ಜಗದೇವಿಗೆ ಹೊಟ್ಟೆಯುರಿಯುತ್ತಿತ್ತು. ತಾನು ಕಾಯುವ ಗಾಳಿ ತನಗಿಲ್ಲವಲ್ಲ ಎನಿಸುತ್ತಿತ್ತು. ಆದರೂ ಎಲ್ಲರೂ ಉಸಿರಾಡುತ್ತಿದ್ದರು.

ಮೊದಲು ಬಂದವಳು ಕಮಲಾಬಾಯಿ. ಎರಡೂ ಮನೆಗೆ ಬೀಗ ಜಡಿದು, ಬಾಣಲೆ ಹಿಡಿದುಕೊಂಡೇ ಬಂದಳು. "ಸಪ್ಪನ ಬ್ಯಾಳಿ ತಿಂದು ತಂಪನ್ಯಾಗ ಸಾಯೂದಕ್ಕಿಂತ ಇಲ್ಲೇ ಬೆವರ್ತೀನಿ," ಎಂದಳು. ಅವಳಿಗೆ ಉಬ್ಬಸವಿತ್ತು. ಸೊಂಟದ ಚೀಲದಲ್ಲಿ ಸದಾ ಔಷಧಿ ಎಳೆದುಕೊಳ್ಳುವ ಒಂದು ಪಂಪು ಇಟ್ಟುಕೊಂಡಿರುತ್ತಿದ್ದಳು. ಆದರೆ ನಾಯಿಯಿಂದ ಏನೂ ಆಗಲಿಲ್ಲ. ಅಡುಗೆಯ ಹೊಗೆ ಹೊರಹೋಗಲು ಜಗದೇವಿ ಮೇಲಿನ ಕಂಡಿಗೆ ಒಂದು ಪಂಖ ಕೂರಿಸಿ ಕೊಟ್ಟಳು. ಅಂದಿನ ಒಗ್ಗರಣೆಯ ಸದ್ದಿಗೆ ಶಿವಶರಣ ನಗುತ್ತ ಎದ್ದು ಕೂತ. ಎಷ್ಟೋ ದಿನಗಳ ನಂತರ ಅವನು ನಕ್ಕಿದ್ದು ಅದೇ ಮೊದಲು. ಆಮೇಲೆ ಇನ್ನೆರಡು ಸಂಸಾರ ಬಂದವು. ಸೀರೆ ಕಟ್ಟಿ ಕೋಣೆಗಳನ್ನು ಮಾಡಿಕೊಂಡರು.

ವೈಶಾಖದ ಒಂದು ಸಂಜೆ ದೊಡ್ಡ ಬಾಗಿಲಿನ ಹೊರಗೆ ಒಬ್ಬ ಮುದುಕ ನಿಂತಿದ್ದ. ಸಪೂರ ಮನುಷ್ಯ, ಕುತ್ತಿಗೆಯಲ್ಲಿ ಬಟ್ಟೆ ಅಳೆಯುವ ಪಟ್ಟಿ ಇನ್ನೂ ನೇತಾಡುತ್ತಿತ್ತು. ಕಂಕುಳಲ್ಲಿ ಮುಚ್ಚಿದ ಬುಟ್ಟಿ.

"ನನ್ನ ಹೆಸರು ಮಾಣಿಕಪ್ಪ, ದರ್ಜಿ," ಎಂದ. "ಇಲ್ಲಿ ಪ್ರಾಣಿ ಇದ್ದವ್ರಿಗೆ ಜಾಗಾ ಕೊಡ್ತಾರಂತ ಕೇಳಿದೆ."

"ಬುಟ್ಟ್ಯಾಗ ಏನದರಿ ಕಾಕಾ?" ಜಗದೇವಿ ಕೇಳಿದಳು.

ಮಾಣಿಕಪ್ಪ ಬಟ್ಟೆ ಸರಿಸಿದ. ಬೂದು ಬಣ್ಣದ ಬೆಕ್ಕು ಹಸಿರು ಕಣ್ಣು ತೆರೆದು ನೋಡಿತು.

ಕಮಲಾಬಾಯಿ ಎರಡು ಹೆಜ್ಜೆ ಹಿಂದೆ ಸರಿದು ಚೀಲಕ್ಕೆ ಕೈ ಹಾಕಿದಳು. "ಬೆಕ್ಕು ನಂಗ ಆಗಂಗಿಲ್ಲವ್ವ. ಉಸಿರು ಕಟ್ಟತದ. ನನ್ನ ತಂಗಿ ಮನ್ಯಾಗ ಒಂದ ಬೆಕ್ಕಿನಿಂದ ದವಾಖಾನಿ ಸೇರಿದ್ದೆ."

ಅದು ಸುಳ್ಳಲ್ಲ ಎಂದು ಜಗದೇವಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಬೆಕ್ಕಿನ ಜೊಲ್ಲಿನ ಅಂಶ ಒಣಗಿ ಹಾರಿದಾಗ ಅದರ ಕಣ ನಾಯಿಯ ಕೂದಲಿನಂತಲ್ಲ. ತುಂಬ ಸೂಕ್ಷ್ಮ, ತಾಸುಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಈ ಒರಟು ಜಾಲರಿಯನ್ನು ಸಲೀಸಾಗಿ ದಾಟುತ್ತದೆ. ಈ ಸಲ ಗೆರೆಗಳು, ಪ್ರಯೋಗಗಳು, ವಿಜ್ಞಾನ ಎಲ್ಲವೂ ಬೇಡ ಎನ್ನುವವರ ಕಡೆಗಿದ್ದವು.

ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಗಾಳಿಯ ಲೆಕ್ಕ ಅವಳದಲ್ಲವೆ. ಮಾಣಿಕಪ್ಪ ಮಾತ್ರ ನೋಡಲಿಲ್ಲ. ಅವನು ಆಗಲೇ ಬುಟ್ಟಿಯ ಮೇಲೆ ಬಟ್ಟೆ ಹೊದಿಸುತ್ತಿದ್ದ. ಎಷ್ಟೋ ಬಾಗಿಲುಗಳಿಂದ ಹಿಂತಿರುಗಿದವರ ಕೈಗಳಿಗೆ ಬರುವ ಅಭ್ಯಾಸದ ಚಲನೆ ಅದು. ಆ ಕೈಗಳು ಜಗದೇವಿಗೆ ಪರಿಚಿತವಾಗಿದ್ದವು.

ಆಗಂಗಿಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ನಿಂತಿತ್ತು. ಎಷ್ಟು ಹಗುರ ಮಾತು ಅದು. ಆಡಿದರೆ ಕೆಲಸ ಮುಗಿಯುತ್ತಿತ್ತು. ಅವಳಿಗೆ ದಣಿವಾಗಿತ್ತು, ಸೆಕೆಯಲ್ಲಿ ಮೈ ಉರಿಯುತ್ತಿತ್ತು, ಮತ್ತೊಂದು ಗೋಡೆ ಕಟ್ಟುವ ಯೋಚನೆಗೇ ಅಳು ಬರುತ್ತಿತ್ತು.

ಅವಳು ಗೋಡೌನಿನ ಪೂರ್ವದ ಮೂಲೆಯ ಕಡೆ ನೋಡಿದಳು. ಹಿಂದೆ ಮಿಲ್ಲಿನ ಗುಮಾಸ್ತ ಕೂರುತ್ತಿದ್ದ ಸಣ್ಣ ಕೋಣೆ, ಒಂದು ಬದಿ ಬಿದ್ದುಹೋಗಿತ್ತು. ಅದಕ್ಕೆ ಬೇರೆಯೇ ಕಂಡಿ ತೆಗೆಯಬೇಕು. ಗಾಳಿ ಈ ಕಡೆ ಬರದ ಹಾಗೆ ಪಂಖವನ್ನು ಹೊರಮುಖ ಮಾಡಿ ಕೂರಿಸಬೇಕು. ಬಾಗಿಲು ಹೊರಗಿನಿಂದಲೇ ಇಡಬೇಕು. ಎರಡು ದಿನದ ಕೆಲಸ, ಬಹುಶಃ ಮೂರು. ಪಂಖ ಎಲ್ಲಿಂದ ತರುವುದು, ಗೊತ್ತಿಲ್ಲ.

"ಕಮಲಾಬಾಯಿ, ನೀವು ಒಳಗ ಹೋಗಿ ಅಡಗಿ ಮನಿ ಕಡೆ ಕೂಡ್ರಿ," ಎಂದಳು. "ಕಾಕಾ, ಬುಟ್ಟಿ ಬಿಚ್ಚಬ್ಯಾಡ್ರಿ. ಇವತ್ತೊಂದು ರಾತ್ರಿ ಹೊರಗ ಕಟ್ಟಿ ಮ್ಯಾಲೆ ಮಲಗಬೇಕಾಗ್ತದ, ನೀರಿನ ತಟ್ಟಿ ಕಟ್ಟಿಕೊಡ್ತೀವಿ. ನಿಮ್ಮ ಕೊರಳಾಗಿಂದು ಆ ಪಟ್ಟಿ ಜರಾ ಕೊಡ್ರಿ."

ಮಾಣಿಕಪ್ಪನಿಗೆ ಅರ್ಥವಾಗಲಿಲ್ಲ. "ಅಂದ್ರ... ಇರಬಹುದೇನವ್ವ?"

"ಅದ್ನ ಅಳೆದು ನೋಡಬೇಕ್ರಿ," ಎಂದಳು ಜಗದೇವಿ, ಮತ್ತು ಗಂಡನನ್ನು ಗುದ್ದಲಿ ತರಲು ಕೂಗಿದಳು.